ಗಿಡುಕ್ಕಾ, ಮನುಷುರ್ಗಾ?

ನಮ್ಮ ಕಂಡಕ್ಟರಣ್ಣ ಯಾರ ಜೀವವನ್ನೂ ಉಳಿಸಲಿಲ್ಲ. ಉಳಿಸಿದ ಎಂದು ಹೊಸೂರಿನಾಚೆ ತಳಿ ಕಡೆಯ ನಮ್ಮ ಊರುಗಳಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ನಾನು ಅಲ್ಲೇ ಇದ್ದವಳು, ಹೇಳುತ್ತೇನೆ ಕೇಳಿ. ನನ್ನ ಓರಗಿತ್ತಿ ಅವತ್ತು ವಿಷ ಕುಡಿದಿರಲೇ ಇಲ್ಲ. ರಕ್ತದ ಟಾನಿಕ್ ಕುಡಿದಿದ್ದಳು. ಟಾನಿಕ್ ಕುಡಿದವಳನ್ನು ವಿಷ ಕುಡಿದವಳೆಂದು ಹಿಡಿದು, ಬಾಯಿಗೆ ಸೋಪಿನ ನೀರು ಹುಯ್ದು ಸಾಯಿಸಲು ಹೊರಟವರು ನಾವು. ನಾವು ಹಾಗೆ ಹೊರಡುವಂತೆ ಮಾಡಿದ್ದು ಕಂಡಕ್ಟರಣ್ಣನ ಒಂದು ಸುಳ್ಳು. ಆ ಸುಳ್ಳನ್ನು ಅವನು ರಸ್ತೆ ಮಧ್ಯೆ, ಬಸ್ಸು ತುಂಬ ಜನರ ಎದುರಿಗೆ ಒಪ್ಪಿಕೊಂಡ. ಆದದ್ದು ಇಷ್ಟೇ. ಇಷ್ಟಕ್ಕೇ ನಾನು ಅವನನ್ನು ಮರೆತಿಲ್ಲ.

ಅವನ ಖಾಕಿ ಅಂಗಿಯ ಎರಡು ಜೇಬುಗಳೂ ದಿನ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿರುತ್ತಿದ್ದವು. ಒಳಗಿದ್ದದ್ದು ಊರೂರಿನವರ ಮಾತ್ರೆ. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗೆಲ್ಲ ಆ ಜೇಬುಗಳು ಸರಸರ ಸದ್ದು ಮಾಡುತ್ತಿದ್ದವು. ಆಳು ಕುಳ್ಳ, ಎದೆ ಅಗಲ, ಗಂಟಲು ಮಾತ್ರ ತಮಟೆ. ಅವನು ಊದುವ ಸೀಟಿ ನಮ್ಮ ಹೊಲದ ಆ ಕೊನೆಗೂ ಕೇಳುತ್ತಿತ್ತು. ಸೀಟಿ ಇಲ್ಲದೆ ಕೂಗಿದರೂ ಕೇಳುತ್ತಿತ್ತು.

ಹೊಸೂರಿನಲ್ಲಿ ಆಗತಾನೆ ಫ್ಯಾಕ್ಟರಿಗಳು ಏಳುತ್ತಿದ್ದವು. ಮೂಕಂಡಪಲ್ಲಿ ಕಡೆ ಗಂಡಸರು ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುವುದನ್ನು ಕಲಿಯುತ್ತಿದ್ದರು. ಆದರೆ ನಮ್ಮ ಮೇಲಿನ ಊರುಗಳಲ್ಲಿ ಒಂದು ತಲೆನೋವಿನ ಮಾತ್ರೆ ಬೇಕೆಂದರೂ ಹೊಸೂರಿಗೇ ಹೋಗಬೇಕು. ಹೋಗಲು ಯಾರಿಗೆ ಪುರುಸೊತ್ತು? ಎಲ್ಲರೂ ಡಾಕ್ಟರು ಬರೆದ ಚೀಟಿಯನ್ನು ಕಂಡಕ್ಟರಣ್ಣನ ಕೈಗೆ ಕೊಡುತ್ತಿದ್ದರು. ಬೆಳಿಗ್ಗೆ ಹೊಸೂರಿನಿಂದ ತಳಿಗೆ ಹೋಗುವಾಗ ಔಷಧಿ ಕೊಡುವುದು, ಮಧ್ಯಾಹ್ನ ವಾಪಸು ಬರುವಾಗ ಹೊಸ ಚೀಟಿ ತೆಗೆದುಕೊಳ್ಳುವುದು. ಪ್ರೈವೇಟ್ ಬಸ್ಸು, ಯಾರೂ ಕೇಳುತ್ತಿರಲಿಲ್ಲ.

ಕೊಡುವಾಗ ಅವನಿಗೆ ನಾಚಿಕೆ ಎನ್ನುವುದು ಇರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ:

"ಯಾರ್ದ್ರಪ್ಪಾ ಬೇದಿ ಮಾತ್ರೆ? ಯಾರ್ದು ಮೂಲವ್ಯಾಧಿ?"

ಒಂದು ಸಲ ನಮ್ಮೂರಿಗೆ ಹೊಸ ಅಳಿಯ ಬಂದಿದ್ದ. ರೇಷ್ಮೆ ಪಂಚೆ ಉಟ್ಟು ಮಾವನ ಮನೆಯವರ ಜೊತೆ ಅರಳಿಕಟ್ಟೆ ಹತ್ತಿರ ನಿಂತಿದ್ದ. ಕಂಡಕ್ಟರಣ್ಣ ಇಳಿದವನೇ, "ಏನ್ ಅಳಿಯಂದ್ರೆ, ತೊಡೆಸಂದಿ ತುರಿಕೆ ಮುಲಾಮು ಸಿಕ್ತು. ಒದ್ದೆ ಬಟ್ಟೆ ಉಟ್ಕೋಬ್ಯಾಡಿ. ವಾಸಿ ಆಯ್ತು ಅಂತ ಮಧ್ಯದಾಗೆ ಬುಡ್ಬ್ಯಾಡಿ, ತಿರುಗಾ ಬತ್ತದೆ!" ಎಂದ. ಅಳಿಯ ಬಂದ ಬಸ್ಸಿನಲ್ಲೇ ವಾಪಸು ಹೋಗುವುದೊಂದು ಬಾಕಿ. ಮಾವನ ಮನೆಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು.

ಹೊಸೂರಿನ ಔಷಧಿ ಅಂಗಡಿಯವನು ಏನು ಹೇಳಿ ಕಳಿಸಿದನೋ ಅದನ್ನು ಅವನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದ. "ಊಟ ಆದ್ಮ್ಯಾಕೆ. ಕಾಪಿ ಜೊತೆ ನುಂಗ್ಬ್ಯಾಡ, ನೀರ್ನಾಗೆ ನುಂಗು. ಪೂರಾ ಮುಗ್ಸು." ಹೇಳಿದ್ದನ್ನು ನಾವು ತಿರುಗಿ ಅವನಿಗೆ ಹೇಳಿ ತೋರಿಸಬೇಕು. ತೋರಿಸುವ ತನಕ ಪೊಟ್ಟಣ ಕೈಗೆ ಬರುತ್ತಿರಲಿಲ್ಲ. ಡ್ರೈವರು ಹಾರನ್ ಹೊಡೆದು ಹೊಡೆದು ಸಾಯುತ್ತಿದ್ದ.

"ನಂಗೂ ಅದೇ ಮಂಡಿ ನೋವು ಕಣಣ್ಣ, ಅವ್ರುದ್ರಾಗೆ ಎಲ್ಡು ಮಾತ್ರೆ ಕಿತ್ಕೊಡು" ಎಂದು ಯಾರಾದರೂ ಕೇಳಿದರೆ ಮುಗಿಯಿತು.

"ಅವ್ನ್ ಎಕ್ಕಡ ನಿನ್ ಕಾಲಿಗೆ ಆಯ್ತದಾ? ಮಾತ್ರೆನೂ ಅಂಗೇಯ. ಓಗಿ ಡಾಕ್ಟ್ರಿಗೆ ನಿನ್ ಮಂಡಿ ತೋರ್ಸೋಗು."

ಇನ್ನೊಂದು ಸಲ ಒಬ್ಬ ತೆಲುಗು ಹೆಂಗಸು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಬೇದಿಯಾಗಿ ಆಗಿ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ನೀರು ಕೊಟ್ಟರೆ ಬೇದಿ ಹೆಚ್ಚುತ್ತದೆಂದು ಅವಳು ಬಾಯಿಗೆ ಒಂದು ಹನಿ ಹಾಕಿರಲಿಲ್ಲ. ಕಂಡಕ್ಟರಣ್ಣ ಬಸ್ಸನ್ನು ಟೀ ಅಂಗಡಿಯ ಮುಂದೆ ನಿಲ್ಲಿಸಿ, ಕಾಯಿಸಿ ಆರಿಸಿದ ನೀರು ತರಿಸಿ, ಸಕ್ಕರೆ ಉಪ್ಪು ಹಾಕಿ ಕಲಕಿ, ಮೊದಲು ತಾನು ನೆಕ್ಕಿ ನೋಡಿದ. "ಕಣ್ಣೀರಿಗಿಂತ ಉಪ್ಪಾಗ್ಬಾರ್ದು" ಎಂದು ಅವಳಿಗೂ ನೆಕ್ಕಿಸಿದ. ಹೊಸೂರಿನ ಆಸ್ಪತ್ರೆ ತಲುಪುವವರೆಗೂ ಅವಳು ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಅವನು ಟಿಕೆಟ್ ಹರಿಯುವುದನ್ನು ಬಿಟ್ಟು ಅವಳನ್ನೇ ಕಾಯುತ್ತಿದ್ದ. ಅವತ್ತು ಬಸ್ಸಿನಲ್ಲಿ ಅರ್ಧ ಜನ ಟಿಕೆಟ್ ಇಲ್ಲದೆ ಇಳಿದುಹೋದರು.

ಆದರೆ ಅವನ ದೊಡ್ಡ ಕಾಟ ಬೇರೆ ಇತ್ತು. ಅದೇ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಕೋಸು, ಟೊಮ್ಯಾಟೊ ಹಾಕಲು ಶುರು ಮಾಡಿದ್ದರು. ಕೋಸಿಗೆ ಹುಳ ಬಂತು, ಹುಳಕ್ಕೆ ಹೊಡೆಯುವುದು ಬಂತು. ಹೊಡೆಯುವುದಕ್ಕೆ ಏನೆನ್ನುತ್ತೇವೆ? ಔಷ್ದಿ. ಕುಡಿಯುವುದಕ್ಕೂ ಔಷ್ದಿ. ತಮಿಳಿನವರು ಎರಡಕ್ಕೂ ಮರುಂದು ಎನ್ನುತ್ತಾರೆ. ತೆಲುಗಿನವರು ಎರಡಕ್ಕೂ ಮಂದು ಎನ್ನುತ್ತಾರೆ, ಸಾಲದೆಂದು ಸಾರಾಯಿಗೂ ಅದನ್ನೇ ಅನ್ನುತ್ತಾರೆ. ಮೂರು ಭಾಷೆಯ ಜನ ಒಂದೇ ಬಸ್ಸಿನಲ್ಲಿ ನಿಂತು "ಔಷ್ದಿ ತತ್ತಾರಣ್ಣ", "ಮರುಂದು ವಾಂಗಿಟ್ಟು ವಾಂಗಣ್ಣಾ", "ಮಂದು ತೇಪ್ಪಾ" ಎಂದರೆ ಅವನಾದರೂ ಯಾವ ಅಂಗಡಿಗೆ ಹೋಗಬೇಕು?

ಅದಕ್ಕೇ ಅವನು ಬಾಯಿ ತೆರೆದರೆ ಒಂದೇ ಪ್ರಶ್ನೆ: "ಗಿಡುಕ್ಕಾ, ಮನುಷುರ್ಗಾ?"

"ನಮ್ಮತ್ತೆಗೆ ಕಣಣ್ಣ. ಯಾವುದಾದ್ರೂ ಆಯ್ತದೆ" ಎಂದು ಪಡ್ಡೆ ಹುಡುಗರು ನಗಾಡುತ್ತಿದ್ದರು. ಅವನು ನಗುತ್ತಿರಲಿಲ್ಲ. ಗಿಡದ್ದಾದರೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಟಾಪಿನ ಮೇಲೆ. ಮನುಷ್ಯರದ್ದಾದರೆ ತನ್ನ ಅಂಗಿಯ ಜೇಬು, ಇಲ್ಲವೇ ಚರ್ಮದ ಬ್ಯಾಗು. ಟಾಪಿನದು ಕೆಳಗೆ ಬರುವಂತಿಲ್ಲ, ಜೇಬಿನದು ಮೇಲೆ ಹೋಗುವಂತಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಅವನು ಏಣಿ ಹತ್ತಿ ಟಾಪಿನಿಂದ ಏನನ್ನಾದರೂ ಇಳಿಸಿಕೊಟ್ಟರೆ ಅದು ಗಿಡದ್ದೇ ಎಂದು ಕಣ್ಣು ಮುಚ್ಚಿ ನಂಬುತ್ತಿದ್ದೆವು.

ಅವನು ಸತ್ತದ್ದು ಬಸ್ಸಿನ ಕೆಲಸ ಬಿಟ್ಟ ಮೇಲೆ, ಸಕ್ಕರೆ ಕಾಯಿಲೆಯಲ್ಲಿ. ಕಾಲಿಗೆ ಕಲ್ಲು ತಗುಲಿದ ಗಾಯ ಮಾಗಲಿಲ್ಲ. ಊರವರ ಮಂಡಿ, ಬೇದಿ, ತುರಿಕೆ ಎಲ್ಲವನ್ನೂ ನೆನಪಿಟ್ಟಿದ್ದವನು ತನ್ನ ಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದ. ದಡ್ಡತನ. ನಾನು ಹೋಗಿ ಮುಖ ನೋಡಿ ಬಂದೆ. ಅಳಲಿಲ್ಲ, ಸಿಟ್ಟು ಬಂತು.

ಈಗ ಓರಗಿತ್ತಿಯ ವಿಷಯ. ಅವಳು ನನ್ನ ಮೈದುನನ ಹೆಂಡತಿ, ತವರು ಸೂಳಗಿರಿ ಹತ್ತಿರ. ಚೊಚ್ಚಲ ಬಸುರಿ. ಬರುಬರುತ್ತಾ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಳು. ನೀರಿನ ಬಿಂದಿಗೆ ಎತ್ತಿದರೆ ಏದುಸಿರು, ಒಲೆಯ ಮುಂದೆ ಕೂತರೆ ಬೂದಿ ತಿನ್ನುತ್ತಿದ್ದಳು. ತವರಿಗೆ ಹೋಗಿದ್ದಾಗ ಅವರಮ್ಮ ಡಾಕ್ಟರಿಗೆ ತೋರಿಸಿದ್ದಳು. ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಸತ್ವದ ಟಾನಿಕ್ ಕೊಟ್ಟಿದ್ದರು. ಆ ಸೀಸೆ ನಮ್ಮನೆಗೆ ಬಂದ ದಿನವೇ ನಮ್ಮತ್ತೆ ಅದನ್ನು ತಿಪ್ಪೆಗೆ ಎಸೆದಳು.

"ಆ ಕರೀ ನೀರು ಕುಡುದ್ರೆ ಮಗಾ ಕರ್ರಗೆ ಉಟ್ತದೆ. ಮಗಾ ಮೈನೂ ತುಂಬ್ಕತದೆ. ದೊಡ್ಡ ಮಗಾ ಆದ್ರೆ ಹೆರೋರ್ಯಾರು, ನೀನಾ ನಾನಾ?"

ಊಟವೂ ಹಾಗೆಯೇ. ಮೊಟ್ಟೆ ಬೇಡ, ಉಷ್ಣ. ಸೊಪ್ಪು ಬೇಡ, ಶೀತ. ಎರಡನೇ ಮುದ್ದೆ ಹಿಟ್ಟಿಗೆ ಕೈ ಚಾಚಿದರೆ ಅತ್ತೆ ತಟ್ಟೆ ಎಳೆದುಕೊಳ್ಳುತ್ತಿದ್ದಳು. ನಮ್ಮತ್ತೆ ಕೆಟ್ಟವಳಲ್ಲ. ಮಾತು ಮಾತ್ರ ಒರಟು. ಅವಳು ಹೀಗೇಕೆ ಮಾಡುತ್ತಿದ್ದಳೆಂದು ನನಗೂ ಆ ದಿನದವರೆಗೆ ಗೊತ್ತಿರಲಿಲ್ಲ.

ಓರಗಿತ್ತಿ ಬಾಯಿ ಸತ್ತವಳ ಹಾಗೆ ಕಾಣುತ್ತಿದ್ದಳು, ಒಳಗೆ ಗಟ್ಟಿ. ನನಗೂ ಹೇಳದೆ, ಗಂಡನಿಗೂ ಹೇಳದೆ, ಒಂದು ಮಧ್ಯಾಹ್ನ ಬಸ್ಸಿನ ಹತ್ತಿರ ಹೋಗಿ ಕಂಡಕ್ಟರಣ್ಣನಿಗೆ ಡಾಕ್ಟರ ಚೀಟಿ ಕೊಟ್ಟು, "ನಮ್ಮತ್ತೆಗೆ ಗೊತ್ತಾಗ್ಬಾರ್ದು ಕಣಣ್ಣ" ಎಂದಿದ್ದಾಳೆ. ಅವನು ಅವಳ ಬಿಳಿಚಿದ ಮುಖ ನೋಡಿದ್ದಾನೆ. ಅಲ್ಲಿಗೆ ಅವನ ಬುದ್ಧಿ ಕೆಟ್ಟಿತು.

ಮಾರನೇ ಬೆಳಿಗ್ಗೆ ಬಸ್ಸು ನಿಂತಾಗ ನಮ್ಮತ್ತೆ ಅರಳಿಕಟ್ಟೆಯಲ್ಲೇ ಕೂತಿದ್ದಳು. ಕಂಡಕ್ಟರಣ್ಣ ಏಣಿ ಹತ್ತಿದ. ಟಾಪಿನ ಮೇಲಿನ ಗೋಣಿಯಿಂದ ಪೇಪರ್ ಸುತ್ತಿದ ಸೀಸೆ ತೆಗೆದು, ಊರಿಗೆಲ್ಲ ಕೇಳುವ ಹಾಗೆ ಕೂಗಿದ:

"ಕೋಸಿನ್ ಔಷ್ದಿ! ಕೋಸಿನ್ ಔಷ್ದಿ ಯಾರ್ಗಪ್ಪಾ? ಉಸಾರು, ಕೈಗೆ ಮೆತ್ಕೋಬ್ಯಾಡಿ!"

ಸೀಸೆಯ ಮೇಲಿನ ಲೇಬಲ್ಲನ್ನೂ ಕೆರೆದು ತೆಗೆದಿದ್ದ, ತಿಪ್ಪೆಗೆ ಎಸೆದ ಸೀಸೆಯ ಮೇಲಿನ ಚಿತ್ರವನ್ನು ಅತ್ತೆ ನೋಡಿದ್ದವಳಲ್ಲವೇ. ಹಿಂದಿನ ದಿನವೇ ಮಾತಾಡಿಕೊಂಡಿದ್ದ ಹಾಗೆ ಓರಗಿತ್ತಿ ಬಂದು ತೆಗೆದುಕೊಂಡಳು. ಮೈದುನ ಹೇಳಿ ಕಳಿಸಿರಬೇಕೆಂದುಕೊಂಡು ಅತ್ತೆ, "ದನದ್ ಕೊಟ್ಗೇಲಿ ಮಡುಗು, ಅಡುಗೆಮನೆಗೆ ತರ್ಬ್ಯಾಡ" ಎಂದಳು. ಅವಳು ಹಾಗೆಯೇ ಕೊಟ್ಟಿಗೆಯಲ್ಲಿ, ಹುಳಕ್ಕೆ ಹೊಡೆಯುವ ಡಬ್ಬಗಳ ಪಕ್ಕದಲ್ಲಿ ಇಟ್ಟಳು. ನೋಡಿ, ಜೇಬಿನದು ಟಾಪಿಗೆ ಹೋಯಿತು, ಕುಡಿಯುವುದು ಹೊಡೆಯುವುದರ ಪಕ್ಕಕ್ಕೆ ಹೋಯಿತು. ಎಲ್ಲರಿಗೂ ಬೈದು ಬುದ್ಧಿ ಹೇಳುತ್ತಿದ್ದವನೇ ಮಾಡಿದ ಕೆಲಸ ಇದು.

ಅವತ್ತೇ ಅತ್ತೆಗೂ ಸೊಸೆಗೂ ಬೂದಿ ತಿಂದದ್ದಕ್ಕೆ ಜಗಳ ಹತ್ತಿತು. "ಮನೇಗೆ ಮಣ್ಣ್ ತಿನ್ನೋಳು ಬಂದವ್ಳೆ" ಎಂದು ಅತ್ತೆ ಬೀದಿಗೆ ಕೇಳುವ ಹಾಗೆ ಕೂಗಿದಳು. ಸೊಸೆ ಅಳುತ್ತಾ ಕೊಟ್ಟಿಗೆಗೆ ಹೋದಳು. ಹೋದವಳು ಯಾರಾದರೂ ಬಂದಾರೆಂದು ಮುಚ್ಚಳಕ್ಕೆ ಬಗ್ಗಿಸದೆ, ಸೀಸೆಯನ್ನೇ ಎತ್ತಿ ಒಂದು ಗುಟುಕು ಕುಡಿದಳು. ಅದೇ ಹೊತ್ತಿಗೆ ಸಗಣಿಗೆಂದು ಬಂದ ಪಕ್ಕದ ಮನೆಯವಳು ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಿದಳು.

"ಅಯ್ಯಯ್ಯೋ! ಬರ್ರಪ್ಪೋ! ಔಷ್ದಿ ಕುಡುದ್ಬುಟ್ಲು!"

ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಜ್ವರಕ್ಕೆ ಕುಡಿದವರನ್ನು ಯಾರೂ ಹಾಗೆ ಕೂಗಿ ಹೇಳುವುದಿಲ್ಲ. ಅಬ್ಬಬ್ಬಾ, ಆ ಓಟ! ಕಳೆ ಕೀಳುತ್ತಿದ್ದವರು ಕುಡುಗೋಲು ಹಿಡಿದೇ ಓಡಿ ಬಂದರು. ನಾನು ಹಿಟ್ಟಿನ ಕೋಲು ಕೈಯಲ್ಲಿಟ್ಟುಕೊಂಡೇ ಓಡಿದೆ. ಅತ್ತೆ ಎದೆ ಬಡಿದುಕೊಳ್ಳುತ್ತಾ ಅವಳ ಜುಟ್ಟು ಹಿಡಿದು ಈಚೆಗೆ ಎಳೆದಳು.

"ಟಾನಿಕ್ಕು ಅತ್ತೆ! ಅದು ಟಾನಿಕ್ಕು!" ಎಂದು ಅವಳು ಕಿರುಚುತ್ತಿದ್ದಳು.

"ಕುಡುದೋರೆಲ್ಲ ಅಂಗೇ ಅನ್ನೋದು! ಕಂಡಕ್ಟರ್ರು ಟಾಪ್‌ನಿಂದ ಇಳ್ಸಿದ್ದು ನಾನೇ ನೋಡಿವ್ನಿ. ಬಾಯ್ ತೆಗಿಯೇ!" ಎಂದಳು ಅತ್ತೆ.

ಸೀಸೆ ನೋಡಿದರೆ ಲೇಬಲ್ ಇಲ್ಲ. ಮೂಸಿ ನೋಡಿದರೆ ಇಡೀ ಕೊಟ್ಟಿಗೆಯೇ ಹುಳದ ಔಷ್ದಿ ನಾತ. ಯಾರೋ ಬಟ್ಟೆ ಸೋಪು ಕಲಕಿ ತಂದರು. ನಾನು ಕಾಲು ಹಿಡಿದೆ, ಇಬ್ಬರು ಕೈ ಹಿಡಿದರು, ಅತ್ತೆ ಹುಯ್ದಳು. ವಾಂತಿಯಾಯಿತು. ಸಾಲದೆಂದು ಇನ್ನೊಂದು ಚೊಂಬು. ಅವಳ ಕಣ್ಣು ಮೇಲಕ್ಕೆ ಹೋದವು. ಉಬ್ಬಿದ ಹೊಟ್ಟೆ ಎಳೆದೆಳೆದು ಕುಣಿಯುತ್ತಿತ್ತು. ಸಗಣಿ ನೀರು ಕುಡಿಸಿ ಎಂದು ಒಬ್ಬ ಮುದುಕ ಹೇಳಿದ. ಅದನ್ನು ಕಲಕಲು ಆಗಲೇ ಪಕ್ಕದ ಮನೆಯವಳು ಓಡಿದ್ದಳು.

ಅಷ್ಟರಲ್ಲಿ ತಳಿಯಿಂದ ವಾಪಸು ಬರುವ ಬಸ್ಸಿನ ಹಾರನ್ ಕೇಳಿಸಿತು. ಅವಳನ್ನು ಚಾಪೆಯಲ್ಲಿ ಎತ್ತಿಕೊಂಡು ರಸ್ತೆಗೆ ಓಡಿದೆವು. ಅತ್ತೆ ಒಂದು ಕೈಯಲ್ಲಿ ಸೀಸೆ ಹಿಡಿದಿದ್ದಳು, ಪಕ್ಕದ ಮನೆಯವಳು ಸಗಣಿ ನೀರಿನ ಚೊಂಬು ಹಿಡಿದು ಹಿಂದೆಯೇ ಬಂದಳು. ಕಂಡಕ್ಟರಣ್ಣ ಮೆಟ್ಟಿಲ ಮೇಲಿಂದಲೇ "ಏನಾಯ್ತ್ರಮ್ಮಾ?" ಎಂದು ಕೂಗಿದ.

"ನೀನ್ ಬೆಳಿಗ್ಗೆ ಕೊಟ್ಯಲ್ಲ ಕೋಸಿನ್ ಔಷ್ದಿ, ಅದ್ನ ಕುಡುದವ್ಳೆ ಕಣಪ್ಪೋ!"

ಅವನ ಮುಖ ನಾನು ನೋಡಿದೆ. ಬಣ್ಣವೇ ಇಳಿದುಹೋಯಿತು. ಬಸ್ಸಿನಿಂದ ಹಾರಿ ಬಂದು ಮೊದಲು ಪಕ್ಕದ ಮನೆಯವಳ ಚೊಂಬನ್ನು ಒದ್ದ. ಸಗಣಿ ನೀರು ನಮ್ಮೆಲ್ಲರ ಸೀರೆಗೆ ಎರಚಿತು.

"ಬುಡ್ರಿ ಅವಳ್ನ! ಅದು ಕೋಸಿಂದಲ್ಲ! ರಕ್ತದ್ ಟಾನಿಕ್ಕು!"

"ಬೆಳಿಗ್ಗೆ ನೀನೇ ಕೋಸಿಂದು ಅಂದ್ಯಲ್ಲೋ?" ಎಂದಳು ಅತ್ತೆ.

"ಸುಳ್ಳೇಳ್ದೆ ಕಣಮ್ಮಾ."

"ಯಾವುದ್ಲಾ ಸುಳ್ಳು? ಬೆಳಿಗ್ಗೆದಾ, ಈಗಿಂದಾ?"

ಅವನು ಜೀವಮಾನವೆಲ್ಲ ಕೇಳಿದ ಪ್ರಶ್ನೆಯನ್ನೇ ನಮ್ಮತ್ತೆ ಅವನಿಗೆ ತಿರುಗಿಸಿ ಕೇಳಿದ ಹಾಗಿತ್ತು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಒಬ್ಬ ತಮಿಳಿನವನು, "ಎನ್ನಾಚ್ಚುಪ್ಪಾ?" ಎಂದು ಏನಾಯಿತೆಂದು ಕೇಳುತ್ತಿದ್ದ, ಯಾರೂ ಹೇಳುವವರಿಲ್ಲ. ಜನ ಎರಡು ಪಾಲಾದರು. ಕೇಸಾಗುತ್ತದೆ ಎಂದು ಹೆದರಿ ಈಗ ಟಾನಿಕ್ ಎನ್ನುತ್ತಿದ್ದಾನೆ ಎಂದರು ಕೆಲವರು. ಚಾಪೆಯ ಮೇಲೆ ಅವಳು ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಇನ್ನೂ ಒಂದು ಸಲ ಸೋಪಿನ ನೀರು ಹೊಟ್ಟೆಗೆ ಹೋದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಅದು ನನಗೆ ಕಾಣುತ್ತಿತ್ತು. ಆದರೆ ಅವಳ ಹೊಟ್ಟೆಯಲ್ಲಿ ಇರುವುದು ನಿಜವಾಗಿ ವಿಷವೇ ಆಗಿದ್ದರೆ? ಅದೂ ಕಾಡುತ್ತಿತ್ತು.

ಕಂಡಕ್ಟರಣ್ಣ ಅತ್ತೆಯ ಕೈಯಿಂದ ಸೀಸೆ ಕಿತ್ತುಕೊಂಡ. ಮೂಸಿದ. ಬೆಳಕಿಗೆ ಹಿಡಿದ. ಒಂದು ಗಳಿಗೆ ಅವನ ಕೈ ತಡೆಯಿತು, ಅದನ್ನೂ ನಾನು ನೋಡಿದೆ. ಕೊಟ್ಟಿಗೆಯಲ್ಲಿ ಯಾರು ಯಾವ ಸೀಸೆಗೆ ಏನು ಬಗ್ಗಿಸಿರುತ್ತಾರೋ ಅವನಿಗೇನು ಗೊತ್ತು? ಆಮೇಲೆ ಕತ್ತು ಎತ್ತಿ ಗಟಗಟನೆ ಕುಡಿದೇಬಿಟ್ಟ.

ಹೆಂಗಸರು ಹೋ ಎಂದರು. ಡ್ರೈವರು ಸ್ಟೀರಿಂಗ್ ಬಿಟ್ಟು ಕೆಳಗೆ ಧುಮುಕಿದ: "ಲೇ ಲೇ, ಏನ್ಲಾ ಮಾಡ್ದೆ! ಈಗ ಟಿಕೆಟ್ ಯಾವನ್ಲಾ ಕೊಡ್ತಾನೆ?"

ಎಲ್ಲರೂ ಅವನ ಮುಖ ನೋಡುತ್ತಾ ನಿಂತೆವು, ಸಾಯುತ್ತಾನಾ ಇಲ್ಲವಾ ಎಂದು. ಅವನೂ ನಿಂತ. ಸಗಣಿ ನೀರು ಹೇಳಿದ ಮುದುಕ ಹತ್ತಿರ ಹೋಗಿ, "ಒಟ್ಟೆ ಉರೀತದೇನಪ್ಪಾ?" ಎಂದು ಕೇಳಿದ.

"ಉರೀತದೆ ಕಣ್ ತಾತ, ನಿಮ್ಮನ್ನೆಲ್ಲ ನೋಡಿ!"

ಎನ್ನುತ್ತಾ ಬಾಯಿ ತೆರೆದ. ಹಲ್ಲು, ನಾಲಿಗೆ ಎಲ್ಲ ಕರ್ರಗೆ. ನಮ್ಮತ್ತೆ ಬಗ್ಗಿ ಸೊಸೆಯ ತುಟಿ ಬಿಡಿಸಿ ನೋಡಿದಳು. ಅಷ್ಟು ವಾಂತಿಯಾಗಿದ್ದರೂ ಹಲ್ಲಿನ ಸಂದಿಯಲ್ಲಿ ಅದೇ ಕಪ್ಪು. ತಿಪ್ಪೆಗೆ ಎಸೆದಾಗ ತನ್ನ ಕೈಗೆ ಮೆತ್ತಿದ್ದ ಬಣ್ಣ ಅವಳಿಗೆ ಗುರುತಿತ್ತು. "ಅಯ್ಯೋ ನನ್ ಮನೆ ಹಾಳಾಗ" ಎಂದು ರಸ್ತೆಯಲ್ಲೇ ಕುಸಿದು ಕೂತಳು.

ಜನ ಅದನ್ನೇ ದೊಡ್ಡದು ಮಾಡಿ ಹೇಳುತ್ತಾರೆ, ಕುಡಿದು ತೋರಿಸಿದ ಗಂಡು ಎಂದು. ನನ್ನ ಕೇಳಿದರೆ ಅದು ಹುಚ್ಚು ಕೆಲಸ. ಲೇಬಲ್ಲಿಲ್ಲದ ಸೀಸೆಯನ್ನು ಯಾರೂ ಬಾಯಿಗೆ ಇಡಬಾರದು, ಗಂಡಸುತನ ತೋರಿಸಲಂತೂ ಇಡಲೇಬಾರದು. ನನಗೆ ದೊಡ್ಡದಾಗಿ ಕಂಡದ್ದು "ಸುಳ್ಳೇಳ್ದೆ ಕಣಮ್ಮಾ" ಎಂದನಲ್ಲ, ಅದು. ತನ್ನ ಮಾತನ್ನು ಊರೂರೇ ನಂಬುವಾಗ, ನನ್ನ ಮಾತು ನಂಬಬೇಡಿ ಎಂದು ಹೇಳಲು ಬೇಕಾದ ಗಟ್ಟಿತನ ಬೇರೆ.

ಅವಳು ಎಚ್ಚರ ತಪ್ಪಿದ್ದರಿಂದ ಹೊಸೂರಿಗೆ ಹೋಗಲೇಬೇಕಾಯಿತು. ಬಸ್ಸು ಎಲ್ಲೂ ನಿಲ್ಲಲಿಲ್ಲ. ಇಳಿಯಬೇಕಾದವರು ಇಳಿಯಲಿಲ್ಲ, ಹತ್ತಬೇಕಾದವರು ರಸ್ತೆಯಲ್ಲಿ ನಿಂತು ಕೈ ಬೀಸಿ ಬೈದರು. "ನನ್ ಊರು ಓಯ್ತಲ್ಲೋ!" ಎಂದು ಒಬ್ಬ ಅಂಗಲಾಚಿದರೆ ಕಂಡಕ್ಟರಣ್ಣ ಕರಿ ಬಾಯಿ ತೆರೆದು, "ನಿನ್ ಊರು ಎಲ್ಲೂ ಓಗಲ್ಲ, ನಾಳೆನೂ ಅಲ್ಲೇ ಇರ್ತದೆ, ಕೂತ್ಕಳಲಾ!" ಎಂದು ಗದರಿದ. ನಮ್ಮತ್ತೆ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಯಾರೂ ಕೇಳದೆಯೇ ಹೇಳಿದಳು:

"ನನ್ ಮಗಳೂ ಇಂಗೇ ಮಲಗಿದ್ಲು ಕಣಮ್ಮಿ. ದೊಡ್ಡ ಮಗಾ. ಈಚೆಗೆ ಬರ್ಲೇ ಇಲ್ಲ. ಇಬ್ರೂ ಓದ್ರು."

ಅತ್ತೆಗೆ ಒಬ್ಬಳು ಮಗಳಿದ್ದಳು, ಸತ್ತಳು ಎಂದಷ್ಟೇ ನನಗೆ ಗೊತ್ತಿತ್ತು. ಹೇಗೆಂದು ಗೊತ್ತಾದದ್ದು ಆವತ್ತು. ತಟ್ಟೆ ಎಳೆದುಕೊಳ್ಳುತ್ತಿದ್ದದ್ದು ಆ ಹೆದರಿಕೆಗೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದ ತಮಿಳಿನವರು. ಸೋಪಿನ ವಾಸನೆ ಮೂಗಿಗೆ ಬಿದ್ದದ್ದೇ ಸಿಡಿದೆದ್ದರು. "ಯಾರಮ್ಮಾ ಸೋಪ್ ತಣ್ಣಿ ಕೊಡುತ್ತದು?" ಎಂದರು. ಸೋಪಿನ ನೀರು ಕೊಟ್ಟವರು ಯಾರೆಂದು. ಹುಯ್ದವಳು ಅತ್ತೆ, ಆದರೆ ಎಲ್ಲರೂ ನನ್ನ ಕಡೆ ನೋಡಿದರು. ಆಮೇಲೆ ತಮಗೆ ಬಂದ ಕನ್ನಡದಲ್ಲಿ ಬೈದರು. ನಿಜವಾಗಿ ವಿಷ ಕುಡಿದಿದ್ದರೂ ನೀವಾಗಿ ವಾಂತಿ ಮಾಡಿಸಬಾರದು, ಅದು ಉಸಿರಿನ ಕೊಳವೆಗೆ ಹೋದರೆ ಅಲ್ಲೇ ಮುಗಿಯುತ್ತದೆ, ಸೀಸೆ ಕೈಯಲ್ಲಿ ಹಿಡಿದು ನೇರ ಇಲ್ಲಿಗೆ ಬನ್ನಿ ಎಂದರು. ಹೊತ್ತು ಇಳಿಯುವವರೆಗೆ ಬಾಟಲಿ ನೀರು ಏರಿಸಿ, ಹೊಟ್ಟೆ ಮುಟ್ಟಿ ನೋಡಿ, ಮಗು ಚೆನ್ನಾಗಿದೆ ಎಂದರು. ಕಣ್ಣಿನ ಕೆಳರೆಪ್ಪೆ ಎಳೆದು ನಮ್ಮತ್ತೆಗೇ ತೋರಿಸಿದರು.

"ನೋಡಮ್ಮಾ, ಕೆಂಪೇ ಇಲ್ಲ. ಬೂದಿ ತಿಂದದ್ದು ಚಪಲಕ್ಕಲ್ಲ, ರಕ್ತ ಇಲ್ಲದ್ದಕ್ಕೆ ಹಾಗಾಗುತ್ತೆ. ಟಾನಿಕ್ ಕುಡಿದರೆ ಮಗು ಕುಂಬಳಕಾಯಿ ಆಗಲ್ಲ. ಕುಡೀದಿದ್ದರೆ ಹೆರಿಗೇಲಿ ಸ್ವಲ್ಪ ರಕ್ತ ಹೋದರೂ ಇವಳು ತಡೆಯಲ್ಲ. ನಿಮಗೆ ಸೊಸೆ ಬೇಕಾ ಬೇಡವಾ?"

ಡಾಕ್ಟರು ಹೊಸ ಸೀಸೆ ಕೊಟ್ಟರು. ನುಗ್ಗೆಸೊಪ್ಪು, ಮೊಟ್ಟೆ, ಕಾಳು, ಹೊಟ್ಟೆ ತುಂಬ ಹಿಟ್ಟು ಎಂದು ಹೇಳಿದರು. ಟಾನಿಕ್ ಕುಡಿದರೆ ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ ಎಂದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಣ್ಣನಿಗೆ ಆ ಮಾತು ಕೇಳಿ ಸಮಾಧಾನವಾಯಿತು. ಅಷ್ಟೊಂದು ಕುಡಿದಿದ್ದನಲ್ಲ, ಆಮೇಲೆ ಅವನಿಗೆ ಹೊಟ್ಟೆ ಕಟ್ಟಿಕೊಂಡು ಪಟ್ಟ ಪಾಡನ್ನು ಡ್ರೈವರು ಬಸ್ಸಿನ ತುಂಬ ಕೂಗಿ ಹೇಳಿದ. ಕೂಗುವ ಸರದಿ ಅವನದಾಗಿತ್ತು.

ಅಂದಿನಿಂದ ಕಂಡಕ್ಟರಣ್ಣ ಹೊಸ ಹಟ ಹಿಡಿದ. ಗಿಡಕ್ಕೆ ಹೊಡೆಯುವುದನ್ನು ಔಷ್ದಿ ಎಂದರೆ ತರುತ್ತಿರಲಿಲ್ಲ. "ಔಷ್ದಿ ಅಲ್ಲ ಕಣ್ಲಾ ಅದು. ವಿಷ ಅನ್ನು, ತತ್ತೀನಿ." ಬೆಳಿಗ್ಗೆ ಬೆಳಿಗ್ಗೆ ಬಾಯಲ್ಲಿ ವಿಷ ಎನ್ನುವುದು ಅಪಶಕುನ ಎಂದು ನಮ್ಮ ಗಂಡಸರು ಒದ್ದಾಡಿದರು. ದೊಡ್ಡ ದೊಡ್ಡ ಮೀಸೆಯವರು ಅವನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದರು. "ಕೇಳ್ಸಲಿಲ್ಲ, ಗಟ್ಟಿಯಾಗಿ!" ಎನ್ನುತ್ತಿದ್ದ ಇವನು. ಕೊನೆಗೆ ಅಭ್ಯಾಸವಾಯಿತು. ನಮ್ಮೂರಿನ ಮಕ್ಕಳು ಇವತ್ತಿಗೂ ಕೊಟ್ಟಿಗೆಯ ಬೀಗ ಹಾಕಿದ ಪೆಟ್ಟಿಗೆಯನ್ನು ವಿಷದ ಪೆಟ್ಟಿಗೆ ಎಂದೇ ಕರೆಯುವುದು.

ಓರಗಿತ್ತಿಗೆ ಸುಖವಾಗಿ ಹೆರಿಗೆಯಾಯಿತು. ಗಂಡು. ಕರ್ರಗೇ ಹುಟ್ಟಿದ. ಟಾನಿಕ್ಕಿನಿಂದಲ್ಲ, ನಮ್ಮ ಮೈದುನನೂ ಕಾಗೆ ಬಣ್ಣವೇ.

ಅದೆಲ್ಲ ಆಮೇಲಿನದು. ಅವತ್ತು ಸಾಯಂಕಾಲದ ಟ್ರಿಪ್ಪಿಗೆ ಅವನದೇ ಬಸ್ಸಿನಲ್ಲಿ ಮನೆಗೆ ಬಂದು ಮಲಗಿದೆವು. ಟಾನಿಕ್ಕಿಗೆ ಅತ್ತೆ ಒಪ್ಪಿದಳೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಓರಗಿತ್ತಿ ಹೊಸ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಕಡೆ ಹೋಗುತ್ತಿದ್ದಳು.

"ಎಲ್ಲಿಗಮ್ಮಿ?"

"ಕೊಟ್ಗೆಗೆ ಕಣಕ್ಕ."

ನಾನು ಅವಳ ರಟ್ಟೆ ಹಿಡಿದು ತಂದು ಬೀದಿ ಕಡೆಯ ಜಗುಲಿಯ ಮೇಲೆ ಕೂರಿಸಿದೆ. ನೀರಿಗೆ ಹೋಗುವ ಹೆಂಗಸರೆಲ್ಲ ಅದೇ ದಾರಿಯಲ್ಲಿ ಓಡಾಡುವುದು. ಸೀಸೆಯ ಲೇಬಲ್ ಬೀದಿಗೆ ಕಾಣುವ ಹಾಗೆ ಹಿಡಿದು ಮುಚ್ಚಳಕ್ಕೆ ಬಗ್ಗಿಸಿದೆ. ಪಕ್ಕದ ಮನೆಯವಳು ತನ್ನ ಬಾಗಿಲಲ್ಲಿ ಬಂದು ನಿಂತಳು.

"ಬರ್ರವ್ವಾ, ಎಲ್ಲಾರೂ ಬರ್ರಿ!" ಎಂದು ನಾನು ಗಂಟಲು ಬಿಚ್ಚಿ ಕೂಗಿದೆ. "ನಮ್ ಓರಗಿತ್ತಿ ಔಷ್ದಿ ಕುಡೀತಾವ್ಳೆ, ನೋಡ್ಕಂಡ್ ಓಗ್ರಿ!"

ಓರಗಿತ್ತಿಯ ಕಣ್ಣು ಅತ್ತೆಯ ಮೇಲಿತ್ತು. ಅತ್ತೆ ಅಂಗಳದಲ್ಲಿ ಸಗಣಿ ಸಾರಿಸುತ್ತಿದ್ದಳು. ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

"ಬರೀ ಒಟ್ಟೇಲಿ ಕೊಡ್ಬ್ಯಾಡ ಕಣೇ" ಎಂದಳು. "ಮೊದ್ಲು ಒಂದಿಷ್ಟು ಹಿಟ್ಟು ತಿನ್ಸು."

ನಾನು ಮುಚ್ಚಳದಲ್ಲಿದ್ದದ್ದನ್ನು ತಿರುಗಿ ಸೀಸೆಗೆ ಬಗ್ಗಿಸಿ, ಒಳಗೆ ಹೋಗಿ ಹಿಟ್ಟಿಗೆ ಎಸರಿಟ್ಟೆ.